ನಮ್ಮೂರ ಲಾಂಛನಕ್ಕೆ ಹುಲಿ ಬೇಡ ಕಣ್ರೋ

1️⃣
ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದೆಯಾ? "ಗುಂಡ್ಲುಪೇಟೆಗೆ ಒಂದು ಲಾಂಛನ ಮಾಡೋದಾದ್ರೆ ಅದ್ರಲ್ಲಿ ಏನಿರ್ಬೇಕು?" ನಾಲ್ಕು ಆಯ್ಕೆ ಕೊಟ್ಟಿದ್ದೆ: ಹುಲಿ, ಚೆಂಡು ಹೂವು, ಗೋಪಾಲಸ್ವಾಮಿ ಬೆಟ್ಟ, ತಮಾಷೆಗೆ ಅಂತ ಚೆಕ್‌ಪೋಸ್ಟ್. ಹುಲಿ ಗೆಲ್ತು, ಅದು ಗೊತ್ತಿದ್ದದ್ದೇ. ಆದ್ರೆ ಎರಡನೇ ಸ್ಥಾನಕ್ಕೆ ಬಂದಿದ್ದು ಚೆಕ್‌ಪೋಸ್ಟು! ಮೊದಲು ನಕ್ಕೆ. ಆಮೇಲೆ ಒಬ್ಬ ಕ್ಲಾಸ್‌ಮೇಟ್ ಮೆಸೇಜ್ ಮಾಡಿದ: "ಲೇ, ಊಟಿ ದಾರೀಲಿ ಸಿಗೋ ಊರಿಗೆ ಲಾಂಛನ ಯಾಕೋ ಬೇಕು?"

ಈ ಮಾತಿಗೆ ಸ್ಟೋರಿಯಲ್ಲಿ ಉತ್ತರ ಕೊಡೋಕಾಗಲ್ಲ, 24 ಗಂಟೆಗೆ ಹೋಗ್ಬಿಡುತ್ತೆ. ಅದಕ್ಕೆ ಈ ಉದ್ದದ ಸರಣಿ. ಟೀ ಹಿಡ್ಕೊಂಡು ಓದಿ. ಫೋಟೊ ಎಲ್ಲ ನಾನೇ ತೆಗ್ದಿದ್ದು, ಫೋನ್ ಹಳೇದು, ಅಡ್ಜಸ್ಟ್ ಮಾಡ್ಕೊಳಿ.

ಅವನು ಹೇಳಿದ್ರಲ್ಲಿ ತಪ್ಪೇನಿದೆ ಅಂತ ನನಗೂ ಅನ್ನಿಸಿತ್ತು. ಬೆಂಗಳೂರಿಗೆ ಹೋದಾಗ ಯಾರಾದ್ರೂ "ಯಾವೂರು?" ಅಂದ್ರೆ ನಾವೇನು ಹೇಳ್ತೀವಿ? "ಗುಂಡ್ಲುಪೇಟೆ" ಅಂತೀವಿ. ಎದುರಿಗಿರೋರು ಮುಖ ನೋಡ್ತಾರೆ. ತಕ್ಷಣ ನಾವೇ "ಅದೇ ಸರ್, ಊಟಿಗೆ ಹೋಗ್ತಾ ಸಿಗುತ್ತಲ್ಲ, ಬಂಡೀಪುರ ಹತ್ರ" ಅಂತ ಸೇರಿಸ್ತೀವಿ. ನಮ್ಮೂರಿನ ಗುರುತನ್ನ ಬೇರೆ ಊರಿನ ಅಡ್ರೆಸ್ಸಿನಲ್ಲಿ ಹೇಳೋದು ನಮಗೆ ಬಾಯಿಪಾಠ ಆಗಿಹೋಗಿದೆ.

2️⃣
ಲಾಂಛನದ ಹುಚ್ಚು ಹತ್ತಿದ್ದು ನಮ್ಮ ಸಿಲಬಸ್‌ನಿಂದ ಅಂದ್ರೆ ನಂಬ್ತೀರಾ?

ಷೇರು ಮಾರುಕಟ್ಟೆ ಪಾಠದಲ್ಲಿ ಒಂದು ಸಾಲು ಬರುತ್ತೆ: 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿ, ಆಮ್‌ಸ್ಟರ್‌ಡ್ಯಾಮ್, ಷೇರು ವ್ಯಾಪಾರದ ಆರಂಭ. ಪರೀಕ್ಷೆಗೆ ಅಷ್ಟು ಸಾಕು. ನಾನು ಸುಮ್ನಿರದೆ ಹುಡುಕಿದೆ. ಆ ಷೇರುಗಳನ್ನ ಕೊಂಡವರಲ್ಲಿ ದೊಡ್ಡ ಸಾಹುಕಾರರು ಮಾತ್ರ ಇರಲಿಲ್ಲವಂತೆ. ಒಬ್ಬ ಡೈರೆಕ್ಟರ್ ಮನೇಲಿ ಕೆಲಸಕ್ಕಿದ್ದ ಹೆಂಗಸು 100 ಗಿಲ್ಡರ್ ಹಾಕಿ ಹೆಸರು ಬರೆಸಿದ್ಲು. ಅಲ್ಲಿಂದ ಒಂದು ರಾತ್ರಿ ಪೂರ್ತಿ ಆ ಊರಿನ ಬಗ್ಗೆ ಓದ್ತಾ ಕೂತೆ. (ಮಾರನೇ ದಿನ ಕಾಸ್ಟಿಂಗ್ ಟೆಸ್ಟ್ ಏನಾಯ್ತು ಅಂತ ಕೇಳ್ಬೇಡಿ.)

ಆ ಊರು ಹುಟ್ಟಿದ ಕಥೆ ಕೇಳಿ. ಆಮ್‌ಸ್ಟೆಲ್ ಅಂತ ಒಂದು ಹೊಳೆ. ಅದಕ್ಕೆ ಅಡ್ಡ ಒಂದು ಕಟ್ಟೆ, ಅವರ ಮಾತಲ್ಲಿ 'ಡ್ಯಾಮ್'. ಹೊಳೆ ಹೆಸರು, ಕಟ್ಟೆ ಹೆಸರು ಸೇರಿ ಊರಿನ ಹೆಸರಾಯ್ತು. ಊರಿನ ಬಗ್ಗೆ ಸಿಗೋ ಅತಿ ಹಳೇ ದಾಖಲೆ 1275ರದ್ದು. ಅದ್ರಲ್ಲಿ ಯುದ್ಧ ಇಲ್ಲ, ಪವಾಡ ಇಲ್ಲ. ಆಮ್‌ಸ್ಟೆಲ್ ಕಟ್ಟೆ ಹತ್ರ ಇರೋ ಜನ ಸುಂಕ ಕಟ್ಟಬೇಕಾಗಿಲ್ಲ ಅಂತ ಅಲ್ಲಿನ ದೊರೆ ಬರೆದುಕೊಟ್ಟ ಪತ್ರ ಅದು.

ಸುಂಕ! ಅಂದ್ರೆ ಅವರ ಕಥೆ ಶುರುವಾಗೋದೂ ಒಂಥರಾ ಚೆಕ್‌ಪೋಸ್ಟ್‌ನಿಂದಲೇ. ಪೋಲ್‌ನಲ್ಲಿ ನಕ್ಕವರು ಇಲ್ಲಿ ಸ್ವಲ್ಪ ನಿಲ್ಲಿ.

3️⃣
ಆಮೇಲೆ ಊರು ಬೆಳೀತು. 1613ರಿಂದ ಊರ ಸುತ್ತ ಕಾಲುವೆ ಅಗೆಯೋಕೆ ಶುರು ಮಾಡಿದ್ರು, ಒಂದರ ಹಿಂದೆ ಒಂದು, ಅರ್ಧ ಬಿಚ್ಚಿದ ಬೀಸಣಿಗೆ ಥರ. ಹೇರೆನ್‌ಗ್ರಾಕ್ಟ್, ಕೈಸರ್ಸ್‌ಗ್ರಾಕ್ಟ್, ಪ್ರಿನ್ಸನ್‌ಗ್ರಾಕ್ಟ್. ಕನ್ನಡದಲ್ಲಿ ಹೇಳಿದ್ರೆ ಯಜಮಾನರ ಕಾಲುವೆ, ಚಕ್ರವರ್ತಿ ಕಾಲುವೆ, ರಾಜಕುಮಾರನ ಕಾಲುವೆ. ಜೌಗು ನೆಲದ ನೀರು ಬಸಿಯೋಕೆ, ಸರಕು ತುಂಬಿದ ದೋಣಿ ಗೋಡೌನಿನ ಬಾಗಿಲಿಗೇ ಬರೋಕೆ ಈ ಕೆಲಸ. ಟೂರಿಸ್ಟ್‌ಗಳಿಗೆ ಅಂತ ಯಾರೂ ತೋಡಲಿಲ್ಲ. ನೆಲ ಎಷ್ಟು ಮೆತ್ತಗೆ ಅಂದ್ರೆ 1648ರಲ್ಲಿ ಪುರಭವನ ಕಟ್ಟೋಕೆ ಹೊರಟಾಗ ಕೆಳಗೆ 13,659 ಮರದ ಕಂಬ ಹೊಡೀಬೇಕಾಯ್ತು. ಆ ಕಟ್ಟಡ ಈಗ ಅರಮನೆ, ಇನ್ನೂ ನಿಂತಿದೆ.

2010ರಲ್ಲಿ ಆ ಕಾಲುವೆಗಳು ಯುನೆಸ್ಕೊ ಪಟ್ಟಿ ಸೇರಿದ್ವು. ಇಷ್ಟು ಓದಿ "ವಾವ್ ವಿದೇಶ" ಅಂತ ಫೋನ್ ಇಡೋನಿದ್ದೆ. ಅಷ್ಟರಲ್ಲಿ 1954ರ ವಿಷಯ ಸಿಕ್ತು.

ಆ ವರ್ಷ ಆ ಊರಿನ ಪೊಲೀಸ್ ಮುಖ್ಯಸ್ಥ, ಕಾಸ್‌ಯಾಗರ್ ಅಂತ, ಒಂದು ಪ್ಲಾನ್ ಮುಂದಿಟ್ಟ: ಕಾರು ಜಾಸ್ತಿ ಆಗಿದೆ, ಜಾಗ ಇಲ್ಲ, ಕೆಲವು ಕಾಲುವೆ ಮುಚ್ಚಿ ರಸ್ತೆ, ಪಾರ್ಕಿಂಗ್ ಮಾಡಿಬಿಡೋಣ. ಕೇಳೋಕೆ ಎಷ್ಟು ಪ್ರಾಕ್ಟಿಕಲ್ ಆಗಿದೆ ನೋಡಿ. ಅದಕ್ಕೂ ಮುಂಚೆ ಅವರು ಎಷ್ಟೋ ಕಾಲುವೆ ಮುಚ್ಚಿ ರಸ್ತೆ ಮಾಡಿಯೂ ಇದ್ರು. ಈ ಸಲ ಜನ ಒಪ್ಪಲಿಲ್ಲ, ಗಲಾಟೆ ಎಬ್ಬಿಸಿದ್ರು, ಪ್ಲಾನ್ ಬಿದ್ದುಹೋಯ್ತು. ಇವತ್ತು ನಾವು ರೀಲ್ಸ್‌ನಲ್ಲಿ ನೋಡಿ ಬಾಯಿಬಿಡೋ ಆ ಕಾಲುವೆಗಳು 400 ವರ್ಷದ ಹಿಂದೆ ಅಗೆದಿದ್ರಿಂದ ಮಾತ್ರ ಇರೋದಲ್ಲ. 1954ರಲ್ಲಿ ಬೇಡ ಅಂದವರು ಇದ್ದದ್ದಕ್ಕೂ ಇವೆ. ಹಾಗಂತ ಅವರೇನು ದೇವತೆಗಳಲ್ಲ, ವರ್ಷಕ್ಕೆ ಸಾವಿರಾರು ಹಳೇ ಸೈಕಲ್ ಅದೇ ಕಾಲುವೆಗೆ ಎಸೀತಾರೆ. ಆದ್ರೆ ಎತ್ತೋಕೆ ಕ್ರೇನ್ ಇರೋ ದೋಣಿ ಇಟ್ಟಿದ್ದಾರೆ.

4️⃣
ಈಗ ಲಾಂಛನಕ್ಕೆ ಬರೋಣ. ಆಮ್‌ಸ್ಟರ್‌ಡ್ಯಾಮ್‌ದು ಕೆಂಪು ಗುರಾಣಿ, ನಡುವೆ ಕಪ್ಪು ಪಟ್ಟಿ, ಅದರ ಮೇಲೆ ಒಂದರ ಕೆಳಗೊಂದು ಮೂರು ಬಿಳಿ 'ಎಕ್ಸ್'. ಬೆಂಕಿ, ಪ್ರವಾಹ, ಪ್ಲೇಗು ಈ ಮೂರರಿಂದ ಊರನ್ನ ಕಾಯೋಕೆ ಅಂತ ಜನ ಕಥೆ ಹೇಳ್ತಾರೆ. ಇತಿಹಾಸಕಾರರು ಒಪ್ಪಲ್ಲ. ರಸ್ತೆ ಬದಿಯ ಕುಳ್ಳ ಕಂಬಗಳ ಮೇಲೂ ಅದೇ ಗುರುತು.

ನನಗೆ ಇಷ್ಟವಾಗಿದ್ದು ಗುರಾಣಿ ಕೆಳಗಿರೋ ಮೂರು ಪದ. ಧೀರ, ದೃಢ, ದಯಾಳು, ಹೆಚ್ಚುಕಮ್ಮಿ ಈ ಅರ್ಥ. ಅದು ಹಳೇದಲ್ಲ, 1947ರದ್ದು. 1941ರ ಫೆಬ್ರವರಿಯಲ್ಲಿ, ಊರು ನಾಜಿಗಳ ಕೈಯಲ್ಲಿತ್ತು. ನೂರಾರು ಯಹೂದಿ ಗಂಡಸರನ್ನ ಹಿಡ್ಕೊಂಡು ಹೋದ್ರು. ಟ್ರಾಮ್ ಓಡಿಸೋರು, ಬಂದರಿನ ಕೂಲಿಗಳು ಕೆಲಸ ನಿಲ್ಲಿಸಿಬಿಟ್ರು. ಗುಂಡು ಹಾರಿಸಿ ಮುಷ್ಕರ ಮುರಿದ್ರು. ಆಮೇಲೆ ಆನ್ ಫ್ರಾಂಕ್ ಅಂತ ಒಬ್ಬ ಹುಡುಗಿ ಅದೇ ರಾಜಕುಮಾರನ ಕಾಲುವೆ ದಡದ ಮನೆಯಲ್ಲಿ ಅಡಗಿದ್ದು, ಸಿಕ್ಕಿಬಿದ್ದಿದ್ದು ನಿಮಗೆ ಗೊತ್ತು. ಅಂದ್ರೆ ಮುಷ್ಕರ ಗೆಲ್ಲಲಿಲ್ಲ. ಆದ್ರೂ ಯುದ್ಧ ಮುಗಿದ ಮೇಲೆ ರಾಣಿ ವಿಲ್ಹೆಲ್ಮಿನಾ ಆ ನೆನಪಿಗೆ ಈ ಮೂರು ಪದ ಕೊಟ್ಟಳು. ಟ್ರಾಮ್ ಡ್ರೈವರ್‌ಗಳು ಮಾಡಿದ್ದು ಊರಿನ ಲಾಂಛನಕ್ಕೆ ಹೋಯ್ತು ಅನ್ನೋದನ್ನ ಗಮನಿಸಿ.

ಇನ್ನೊಂದು ಸಣ್ಣ ವಿಷಯ. ಆ ಊರಲ್ಲಿ ಆಳೆತ್ತರಕ್ಕೂ ಮೀರಿದ ಅಕ್ಷರಗಳ ಸೆಲ್ಫಿ ಬೋರ್ಡ್ ಇತ್ತು, 'ಐ ಆಮ್‌ಸ್ಟರ್‌ಡ್ಯಾಮ್' ಅಂತ. 2018ರಲ್ಲಿ ಅದನ್ನ ಮ್ಯೂಸಿಯಂ ಮೈದಾನದಿಂದ ಅವರೇ ಕಿತ್ತುಹಾಕಿದ್ರು. ನಾವೀಗ ಊರೂರಿಗೆ ಅದೇ ಬೋರ್ಡ್ ಬೇಕು ಅಂತಿದ್ದೀವಿ.

5️⃣
ಸರಿ, ಡಚ್ಚರ ಕಥೆ ನಮಗ್ಯಾಕೆ? ಈ ಪೋಸ್ಟಿನ ಫೋಟೊ ನೋಡಿ. ಹಂಗಳ. ಊಟಿ ರೋಡಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗ್ತೀವಲ್ಲ, ಅದೇ. ಅವರು ಕಾಲುವೆ ಅಗೆಯುತ್ತಿದ್ದ ಅದೇ ಶತಮಾನದಲ್ಲಿ ಈ ಊರಲ್ಲಿ ಒಬ್ಬ ರಾಜಕುಮಾರ ಪಟ್ಟಕ್ಕೆ ಬರೋ ಮುಂಚಿನ ದಿನ ಕಳೀತಿದ್ದ. ಚಿಕ್ಕದೇವರಾಜ ಒಡೆಯರು. 1673ರಿಂದ 1704ರವರೆಗೆ ಮೈಸೂರು ಆಳಿದವರು.

ಗುಂಡ್ಲುಪೇಟೆಯ ಹಳೇ ಹೆಸರು ವಿಜಯಪುರ. ಚಿಕ್ಕದೇವರಾಜರ ತಂದೆ ತೀರಿಕೊಂಡಿದ್ದು ಇಲ್ಲಿ. ಆ ನೆನಪಿಗೆ ಅವರು ಇಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದ್ರು, ಅಗ್ರಹಾರ ಮಾಡಿದ್ರು, ಊರನ್ನ ಹೊಸದಾಗಿ ಎಬ್ಬಿಸಿದ್ರು. ಆ ಗುಡಿ ಮುಂದೆ ಪಾಳುಬಿತ್ತು, ಮೂರ್ತಿಗಳು ವಿಜಯನಾರಾಯಣ ಗುಡಿಗೆ ಬಂದ್ವು. ನಮ್ಮಲ್ಲಿ ಎಷ್ಟು ಜನ ಆ ಗುಡಿಯ ಫೋಟೊ ಹಾಕಿದ್ದೀವಿ? ಬೆಟ್ಟದ ಮಂಜಿನ ರೀಲ್ ಮಾತ್ರ ಒಬ್ಬೊಬ್ಬರದ್ದು ಹತ್ತತ್ತು. ನನ್ನದೂ ಸೇರಿ.

ಈಗ ಮಜಾ ಕೇಳಿ. ಈ ಮನುಷ್ಯ ಬೆಂಗಳೂರನ್ನ ಮೊಗಲರ ಸೇನಾಪತಿಯಿಂದ ಮೂರು ಲಕ್ಷ ರೂಪಾಯಿಗೆ ಪಡೆದ ಅಂತ ಇತಿಹಾಸ. (ಡಚ್ಚರು 1626ರಲ್ಲಿ ಮ್ಯಾನ್‌ಹ್ಯಾಟನ್ ದ್ವೀಪವನ್ನ 60 ಗಿಲ್ಡರ್‌ಗೆ ಕೊಂಡು ಅಲ್ಲಿ 'ಹೊಸ ಆಮ್‌ಸ್ಟರ್‌ಡ್ಯಾಮ್' ಕಟ್ಟಿದ್ರು ಅಂತಾರೆ, ಅದೇ ಇವತ್ತಿನ ನ್ಯೂಯಾರ್ಕ್. ಆ ಕಾಲದ ರಿಯಲ್ ಎಸ್ಟೇಟೇ ಬೇರೆ ಲೆವೆಲ್.) ಆಡಳಿತವನ್ನ 18 ಕಚೇರಿಗಳಾಗಿ ಹಂಚಿದ. ಬೆಂಗಳೂರಲ್ಲಿ ವಿಧಾನಸೌಧದ ಎದುರಿನ ಕೆಂಪು ಕಟ್ಟಡ, ಹೈಕೋರ್ಟು, ಅದಕ್ಕೂ ಅಠಾರ ಕಚೇರಿ, ಅಂದ್ರೆ ಹದಿನೆಂಟು ಕಚೇರಿ, ಅನ್ನೋ ಹೆಸರಿದೆ. ಖಜಾನೆ ತುಂಬಿಸಿ ನವಕೋಟಿ ನಾರಾಯಣ ಅನ್ನಿಸಿಕೊಂಡ. ನಮ್ಮೂರನ್ನ ಕಟ್ಟಿದವನು ಬೆಂಗಳೂರನ್ನೇ ಕೊಂಡ, ನಾವು ಡಿಗ್ರಿ ಮುಗಿಸಿ ಅದೇ ಬೆಂಗಳೂರಲ್ಲಿ ಪಿಜಿ ಹುಡುಕ್ತೀವಿ.

ಇನ್ನೊಂದು ಪುಟಾನೂ ಓದ್ಬೇಕು. ಆ ನವಕೋಟಿ ಆಕಾಶದಿಂದ ಬೀಳಲಿಲ್ಲ. ತೆರಿಗೆ ಭಾರಕ್ಕೆ ರೈತರು ದಂಗೆ ಎದ್ರು, ಅದನ್ನ ಕ್ರೂರವಾಗಿ ತುಳಿದ್ರು. ಆಮ್‌ಸ್ಟರ್‌ಡ್ಯಾಮ್ ಯಜಮಾನರ ಮನೆಗಳಲ್ಲೂ ಗುಲಾಮರನ್ನ ಮಾರಿದ ದುಡ್ಡಿದೆ, 2021ರಲ್ಲಿ ಅಲ್ಲಿನ ಮೇಯರ್ ಊರಿನ ಪರವಾಗಿ ಕ್ಷಮೆ ಕೇಳಿದ್ರು. ಅದಕ್ಕೇ ನಾನು ಲಾಂಛನಕ್ಕೆ ಚಿಕ್ಕದೇವರಾಜರ ಮುಖ ಹಾಕಿ ಅಂತಲೂ ಹೇಳ್ತಿಲ್ಲ. ರಾಜರ ಮುಖ ಹಾಕಿದ್ರೆ ಹಾರ ಹಾಕೋ ಜಗಳ ಒಂದು ಎಕ್ಸ್‌ಟ್ರಾ.

ಅವರು ಮಾಡಿದ್ರಲ್ಲಿ ಇವತ್ತಿಗೂ ಓಡ್ತಿರೋದು ಒಂದಿದೆ. ಶ್ರೀರಂಗಪಟ್ಟಣದಿಂದ ಮೇಲೆ ಕಾವೇರಿಗೆ ಕಟ್ಟೆ ಹಾಕಿ ತೆಗೆಸಿದ ನಾಲೆ. ಚಿಕ್ಕದೇವರಾಯ ಸಾಗರ ನಾಲೆ ಅಂತಲೇ ಹೆಸರು. ಕನ್ನಂಬಾಡಿ ಕಟ್ಟೆಗಿಂತ ಸುಮಾರು ಇನ್ನೂರು ವರ್ಷ ಮುಂಚಿನದು, ಆ ಕಡೆ ಗದ್ದೆಗಳಿಗೆ ಈಗಲೂ ನೀರು ಹೋಗುತ್ತೆ. ಆಮ್‌ಸ್ಟರ್‌ಡ್ಯಾಮ್ ಕಾಲುವೆ ನೋಡೋಕೆ ವೀಸಾ ಬೇಕು. ಇದನ್ನ ನೋಡೋಕೆ ಮೈಸೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು.

6️⃣
ಜಿಲ್ಲಾ ಕೇಂದ್ರದ ಕಥೆ ಬೇಗ ಹೇಳ್ತೀನಿ. ಚಾಮರಾಜನಗರ ಮುಂಚೆ ಅರಿಕುಠಾರ. ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಊರಿಗೆ ಅಪ್ಪನ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದರು. ಆಷಾಢದ ತೇರಿಗೆ ಹೊಸದಾಗಿ ಮದುವೆ ಆದೋರು ಎಲ್ಲೆಲ್ಲಿಂದಲೋ ಬರ್ತಾರೆ. ಇಷ್ಟೆಲ್ಲ ಇದ್ದೂ ರಾಜ್ಯಕ್ಕೆಲ್ಲ ಆ ಊರು ಗೊತ್ತಿದ್ದದ್ದು ಯಾವುದಕ್ಕೆ? ಮುಖ್ಯಮಂತ್ರಿ ಕಾಲಿಟ್ರೆ ಕುರ್ಚಿ ಹೋಗುತ್ತೆ ಅನ್ನೋ ಮೂಢನಂಬಿಕೆಗೆ! ಸಿದ್ದರಾಮಯ್ಯ 2013ರಿಂದ 2018ರ ನಡುವೆ ಎಷ್ಟೋ ಸಲ ಬಂದು, ಐದು ವರ್ಷ ಪೂರ್ತಿ ಮಾಡಿ ಹೋದ ಮೇಲೂ ಆ ಮಾತು ಪೂರ್ತಿ ಸತ್ತಿಲ್ಲ.

ಒಂದೂರು ತನ್ನ ಗುರುತು ತಾನು ಹೇಳ್ಕೊಳ್ಳದಿದ್ರೆ ಬೇರೆಯವರು ಅವರಿಗೆ ತೋಚಿದ್ದು ಅಂಟಿಸಿ ಹೋಗ್ತಾರೆ. ಅವರಿಗೆ ಅಪಶಕುನ ಅಂಟಿಸಿದ್ರು, ನಮಗೆ ಊಟಿ ದಾರಿ.

ಕಾಮರ್ಸ್ ಜನಕ್ಕೆ ಒಂದು ಮಾತು. ಗುಡ್‌ವಿಲ್ ಪಾಠ ನೆನಪಿದೆಯಲ್ಲ? ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್‌ನ ಮಾತ್ರ ಲೆಕ್ಕದ ಪುಸ್ತಕಕ್ಕೆ ಹತ್ತಿಸ್ತಾರೆ. ತಾನೇ ಬೆಳೆಸಿಕೊಂಡಿದ್ದನ್ನ ಹತ್ತಿಸಲ್ಲ. ಗುಂಡ್ಲುಪೇಟೆಯ ಕೇಸೂ ಅದೇ.

7️⃣
ಹಂಗಾದ್ರೆ ಹುಲಿ ಯಾಕೆ ಬೇಡ?

ಹುಲಿ ಮೇಲೆ ನನಗೇನು ಕೋಪ ಇಲ್ಲ, ದಯವಿಟ್ಟು ಬಯ್ಯಬೇಡಿ. ಆದ್ರೆ ಹುಲಿ ಬಂಡೀಪುರದ್ದು. 1973ರಿಂದ ಅದಕ್ಕೆ ಅದರದ್ದೇ ಯೋಜನೆ, ಬೋರ್ಡು, ಸಫಾರಿ ಎಲ್ಲಾ ಇದೆ. ಕಾಡಂಚಿನ ಊರಿಂದ ಬರೋ ನನ್ನ ಕ್ಲಾಸ್‌ಮೇಟ್‌ಗೆ ಹುಲಿ ಅಂದ್ರೆ ಸಂಜೆ ಬೇಗ ಮನೆ ಸೇರ್ಕೋಬೇಕು ಅನ್ನೋ ಭಯ. ಅವಳು ಪೋಲ್‌ನಲ್ಲಿ ಹುಲಿಗೆ ಹಾಕಿರಲಿಲ್ಲ, ನಾನು ಕೇಳ್ದೆ. ಚೆಂಡು ಹೂವು ಚಂದವೇ, ಓಣಂ ಮುಂಚೆ ಕೇರಳದಿಂದ ಕಾರಿನ ಸಾಲೇ ಬರುತ್ತೆ, ಹೊಲದಲ್ಲಿ ನಿಂತು ಫೋಟೊ ತೆಗೆಯೋಕೆ ಕೆಲವು ರೈತರು ದುಡ್ಡು ಇಸ್ಕೊಳ್ತಾರೆ. ಇಸ್ಕೊಳ್ಳಲಿ, ಒಳ್ಳೇದೇ. ಆದ್ರೆ ಅದು ಬಣ್ಣ ತೆಗೆಯೋ ಕಂಪನಿಗೆ ಅಂತ ಬೆಳೆಯೋ ಬೆಳೆ. ರೇಟು ಬಿದ್ರೆ ಮುಂದಿನ ವರ್ಷ ಹೊಲದಲ್ಲಿ ಬೇರೆ ಬೆಳೆ ಇರುತ್ತೆ. ಬೆಟ್ಟ ದೇವರದ್ದು.

ನನ್ನ ವೋಟು ಪೋಲ್‌ನಲ್ಲೇ ಇರಲಿಲ್ಲ. ಆಯ್ಕೆ ಮಾಡುವಾಗ ನನಗೇ ಹೊಳೆದಿರಲಿಲ್ಲ. ಆಮ್‌ಸ್ಟೆಲ್ ಹೊಳೆ, ಡ್ಯಾಮ್ ಕಟ್ಟೆ. ಈಗ ನಮ್ಮೂರ ಹೆಸರನ್ನ ಬಿಡಿಸಿ ಓದಿ. ಗುಂಡ್ಲು, ಪೇಟೆ. ಒಂದು ಹೊಳೆ, ಒಂದು ಮಾರುಕಟ್ಟೆ. ಲಾಂಛನ ಹೆಸರಲ್ಲೇ ಇದೆ ಕಣ್ರಪ್ಪಾ!

ಪೇಟೆ ಇನ್ನೂ ಜೋರಾಗೇ ಇದೆ. ಮೈಸೂರಿಂದ ಬರೋ ರೋಡು ಇಲ್ಲೇ ಕವಲಾಗೋದು, ಒಂದು ವಯನಾಡಿನ ಕಡೆ, ಒಂದು ಊಟಿ ಕಡೆ. ತರಕಾರಿ ಲಾರಿ ಎರಡೂ ಕಡೆ ಹೋಗುತ್ತೆ. 2009ರಿಂದ ರಾತ್ರಿ 9ಕ್ಕೆ ಕಾಡಿನ ಗೇಟು ಬೀಳುತ್ತಲ್ಲ, ಬೆಳಗ್ಗೆ 6ರವರೆಗೆ ನಿಂತಿರೋ ಡ್ರೈವರ್‌ಗಳಿಗೆ ಟೀ, ಊಟ ಕೊಡೋರು ನಮ್ಮೋರೇ. ಅದೂ ಪೇಟೆಯೇ. ಚೆಕ್‌ಪೋಸ್ಟಿಗೆ ವೋಟು ಹಾಕಿದೋರು ಪೂರ್ತಿ ತಪ್ಪೇನಲ್ಲ.

ಹೊಳೆ?

8️⃣
ಕೊನೇ ಫೋಟೊ. ಝೂಮ್ ಮಾಡಿ ನೋಡಿ.

ಇದು ಗುಂಡ್ಲು ಹೊಳೆ. ಕೌಂಡಿನಿ ಅಂತಲೂ ಕರೀತಾರೆ. ಇಲ್ಲಿಂದ ಉತ್ತರಕ್ಕೆ ಹರಿದು ನಂಜನಗೂಡಲ್ಲಿ ಕಪಿಲೆ ಸೇರುತ್ತೆ. ನಂಜುಂಡನ ದರ್ಶನಕ್ಕೆ ಹೋದಾಗ ಸಂಗಮದಲ್ಲಿ ತಲೆ ಮೇಲೆ ನೀರು ಹಾಕ್ಕೊಳ್ತೀವಲ್ಲ, ಆ ನೀರಲ್ಲಿ ನಮ್ಮೂರಿನ ಪಾಲೂ ಇದೆ. ಇಲ್ಲಿ ನಾವು ಅದಕ್ಕೆ ಏನು ಹಾಕ್ತೀವಿ ಅಂತ ಫೋಟೊದಲ್ಲಿದೆ. ನೀಲಿ ಕವರು, ಹಳೇ ದಿಂಬು, ಕೋಳಿ ಅಂಗಡಿ ಚೀಲ. ಮದುವೆ ಊಟದ ಪ್ಲಾಸ್ಟಿಕ್ ಲೋಟ ಅಂತೂ ಲೆಕ್ಕಕ್ಕಿಲ್ಲ. ಯಾರ ಮೇಲೋ ಹಾಕೋಕೆ ಇದನ್ನ ಬರೀತಿಲ್ಲ. ಏಳನೇ ಕ್ಲಾಸಲ್ಲಿ ಹಳೇ ನೋಟ್‌ಬುಕ್ ಗಂಟು ಕಟ್ಟಿ ಇಲ್ಲೇ ಎಸೆದು ಓಡಿದ್ದು ನಾನು.

ಆಗಿಂದ ತಲೆ ಕೊರೆಯೋ ಇನ್ನೊಂದು ವಿಷಯ. ಕಬಿನಿ ನೀರನ್ನ ಪಂಪ್ ಮಾಡಿ, ಪೈಪಲ್ಲಿ ತಂದು ನಮ್ಮ ಕಡೆ ಕೆರೆಗಳಿಗೆ ತುಂಬಿಸ್ತಾರೆ. ಬರಲಿ, ಕೆರೆ ತುಂಬಿದ್ರೆ ಬೋರ್‌ವೆಲ್ ಬದುಕುತ್ತೆ, ಖುಷಿನೇ. ಆದ್ರೆ ನಮ್ಮ ಹೊಳೆ ತಾನಾಗೇ ಹೋಗಿ ಸೇರೋದು ಅದೇ ಕಬಿನಿಗೆ. ಹೋಗೋ ನೀರಿಗೆ ಕಸ, ಬರೋ ನೀರಿಗೆ ಕರೆಂಟ್ ಬಿಲ್ಲು. ಇದನ್ನ ಯಾವ ಕಾಸ್ಟ್ ಶೀಟಲ್ಲಿ ಬರೀಬೇಕೋ ಗೊತ್ತಾಗ್ತಿಲ್ಲ.

ನಮ್ಮಜ್ಜಿಗೆ ಈ ಫೋಟೊ ತೋರಿಸಿ "ಇದು ಯಾವ ಜಾಗ ಹೇಳು" ಅಂದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಯಾವ್ದೋ ತಿಪ್ಪೆ ಇದ್ದಂಗದೆ" ಅಂದ್ರು. ಹೊಳೆ ಕಣಜ್ಜಿ ಅಂದೆ. "ನಾವು ಬಟ್ಟೆ ಒಗೀತಿದ್ದ ಹೊಳೆಯಾ?" ಅಂತ ಫೋನ್ ವಾಪಸ್ ಕೊಟ್ರು. ಇನ್ನೇನೂ ಹೇಳಲಿಲ್ಲ.

ಈ ವರ್ಷ ನಮ್ಮ ಕ್ಲಾಸು ಮುಗಿಯುತ್ತೆ. ಅರ್ಧ ಜನ ಮೈಸೂರು, ಇನ್ನರ್ಧ ಬೆಂಗಳೂರು, ನಾನೂ ಇರಲ್ಲವೇನೋ. ಅಲ್ಲಿ ಯಾರಾದ್ರೂ "ಯಾವೂರು?" ಅಂದಾಗ "ಗುಂಡ್ಲು ಹೊಳೆ ದಡದ ಊರು" ಅಂತ ಹೇಳ್ಬೇಕು ಅಂತಿದ್ದೀನಿ. ಆಗ ಅವರು "ಫೋಟೊ ತೋರ್ಸಿ" ಅಂದ್ರೆ ಈ ಫೋಟೊ ತೋರಿಸೋಕೆ ನನಗೆ ಧೈರ್ಯ ಇಲ್ಲ.

ಒಂದು ಸಹಾಯ ಮಾಡಿ. ಮನೆಯಲ್ಲಿ ಹಳೇ ಆಲ್ಬಮ್ ಇದ್ರೆ ತೆಗೀರಿ. ಹಬ್ಬ, ನಾಮಕರಣ, ಅಪ್ಪ ಅಮ್ಮನ ಮದುವೆ, ಯಾವುದಾದ್ರೂ ಸರಿ, ಹಿಂದೆ ಎಲ್ಲಾದ್ರೂ ಹೊಳೆ ಕಾಣ್ತಿದ್ರೆ ಫೋಟೊಗೆ ಫೋಟೊ ತೆಗೆದು ಡಿಎಂ ಮಾಡಿ. ಮುಖ ಬ್ಲರ್ ಮಾಡ್ತೀನಿ, ಹೆಸರು ಹಾಕಲ್ಲ. ನನಗೆ ನೀರು ಕಾಣಿಸಿದ್ರೆ ಸಾಕು.

ಭಾನುವಾರ ಬೆಳಗ್ಗೆ ಏಳಕ್ಕೆ ಹೊಳೆ ಹತ್ರ ಇರ್ತೀನಿ, ಗೋಣಿಚೀಲ, ಕೈಗ್ಲೌಸ್ ತರ್ತೀನಿ. ಪೋಲ್‌ನಲ್ಲಿ ಹುಲಿಗೆ ಹಾಕಿದೋರೂ ಬನ್ನಿ, ಸೇಡು ತೀರಿಸ್ಕೊಳ್ಳಲ್ಲ 😄 ಟೀ ನನ್ನದು.

#ಗುಂಡ್ಲುಪೇಟೆ #ಗುಂಡ್ಲುಹೊಳೆ #ನಮ್ಮೂರು #ಬಿಕಾಂಬದುಕು